ಭೀಮನ ದನಿ ಡೋರೆಮಾನ್ ಬಾಯಲ್ಲಿ ಹೇಗೆ ಬಂತು?

ಪ್ರಶ್ನೆ: ಶರಣು ಸರ್. ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಊರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮಗ ನಾಲ್ಕನೇ ತರಗತಿ. ಟಿವಿ ಮುಂದೆ ಕೂತು ಒಂದು ನೋಟ್‌ಬುಕ್ ತುಂಬ ಕಾರ್ಟೂನ್ ಹೆಸರು ಬರೆದು, ಒಂದಕ್ಕೊಂದು ಗೆರೆ ಎಳೆದಿದ್ದಾನೆ. ಮೊನ್ನೆ, "ಅವ್ವಾ, ಛೋಟಾ ಭೀಮಂದೂ ಡೋರೆಮಾನಂದೂ ಒಂದೇ ಆವಾಜ್ ಅದ" ಅಂದ. ನಾವ್ಯಾರೂ ನಂಬಲಿಲ್ಲ. "ರಾಜು ಎರಡು ಕಾರ್ಟೂನ್‌ನಾಗ ಅದಾನ, ಕೃಷ್ಣ ಭೀಮನ ಊರು ಢೋಲಕಪುರಕ್ಕ ಬರ್ತಾನ, ಮತ್ತ ಡೋರೆಮಾನ್ ಯಾಕ ಬರಂಗಿಲ್ಲ?" ಅಂತ ಕೇಳ್ತಾನೆ. ಇವರು ಒಬ್ಬರದನ್ನ ಒಬ್ಬರು ಕದ್ದು ಮಾಡ್ತಾರೇನು? ಮನೆಯ ಹಿರಿಯರು ಟೈಮ್ ಹಾಳು ಅಂತ ನೋಟ್‌ಬುಕ್ ತೆಗೆದಿಟ್ಟಿದ್ದಾರೆ. ಒಂದು ಪುಟದ ಫೋಟೊ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಅಕ್ಕೋರೆ, ಮೊದಲು ಆ ನೋಟ್‌ಬುಕ್ ಹುಡುಗನ ಕೈಗೆ ವಾಪಸ್ ಕೊಡಿ. ಅವನ ಕಿವಿ ಮೋಸ ಮಾಡಿಲ್ಲ. ಹಿಂದಿಯಲ್ಲಿ ಡೋರೆಮಾನ್‌ಗೆ ದನಿ ಕೊಟ್ಟ ಸೋನಲ್ ಕೌಶಲ್ ಅವರೇ ಛೋಟಾ ಭೀಮ್‌ಗೂ ದನಿ ಕೊಟ್ಟವರು. ಒಂದು ಜಪಾನಿನ ನೀಲಿ ಬೆಕ್ಕು, ಇನ್ನೊಂದು ಹೈದರಾಬಾದಿನ ಸ್ಟುಡಿಯೋದಲ್ಲಿ ಹುಟ್ಟಿದ ಧೋತಿಯ ಹುಡುಗ. ಇಬ್ಬರ ಬಾಯಿಂದ ಬಂದದ್ದು ಒಬ್ಬ ಹೆಣ್ಣುಮಗಳ ದನಿ. ನಲವತ್ತು ವರ್ಷ ದಾಟಿದವರು ಹಿಡಿಯಲಾಗದ್ದನ್ನು ಒಂಬತ್ತು ವರ್ಷದ ಹುಡುಗ ಹಿಡಿದಿದ್ದಾನೆ.

ಫೋಟೊ ದೊಡ್ಡದು ಮಾಡಿ ನೋಡಿದೆ. ಪುಟದ ನಡುವೆ ಲಾಡು ಹಿಡಿದ ಭೀಮ. ಅವನಿಂದ ಡೋರೆಮಾನ್‌ಗೆ ಒಂದು ಗೆರೆ, ಮೇಲೆ 'ಸೇಮ್ ಆವಾಜ್'. ರಾಜುವಿಗೆ ಒಂದು ಗೆರೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಕೃಷ್ಣನಿಗೆ ಎರಡು ಸಲ ತಿದ್ದಿದ ಗೆರೆ. ಕೆಳಗೆ ಮೂಲೆಯಲ್ಲಿ ಮೋಟು, ಪತ್ಲು, ಓಗಿ ಮೂವರನ್ನೂ ಸೇರಿಸಿ ಒಂದು ವೃತ್ತ. ಎಲ್ಲ ಗೆರೆಗೂ ಒಂದೇ ನೀಲಿ ಪೆನ್ನು. ತೊಡಕು ಇರುವುದು ಅಲ್ಲೇ. ದನಿಯ ನಂಟು ಬೇರೆ, ಕಥೆಯ ನಂಟು ಬೇರೆ, ಮಾಡಿದವರ ಕೈಯ ನಂಟು ಬೇರೆ. ಅವನಿಗೆ ಇನ್ನೆರಡು ಬಣ್ಣದ ಪೆನ್ನು ಕೊಡಿಸಿ. ನಾನು ಹದಿನೈದು ವರ್ಷ ಕಾರ್ಟೂನ್‌ಗಳಿಗೆ ಕನ್ನಡ ಮಾತು ಬರೆದವನು, ಊರು ಕಲಬುರಗಿ. ಈ ಮೂರು ನಂಟನ್ನೂ ಹತ್ತಿರದಿಂದ ಕಂಡಿದ್ದೇನೆ.

ದನಿಯಿಂದ ಶುರು ಮಾಡೋಣ. ಶರಣಬಸವೇಶ್ವರರ ಜಾತ್ರೆಗೆ ನಾಟಕ ಕಂಪನಿ ಟೆಂಟು ಹಾಕಿದಾಗ ನಮ್ಮ ಮುತ್ಯಾ ನನ್ನನ್ನು ಎರಡು ರಾತ್ರಿ ಬೆನ್ನುಬೆನ್ನಿಗೆ ಕರೆದುಕೊಂಡು ಹೋಗಿದ್ದ. ಮೊದಲ ರಾತ್ರಿ ಸತ್ತುಬಿದ್ದ ಗೌಡ ಮರುರಾತ್ರಿ ಪೊಲೀಸನಾಗಿ ಬಂದ. "ನಿನ್ನಿ ಸತ್ತಾಂವ ಇವತ್ತ ಹೆಂಗ ಬಂದ ಮುತ್ಯಾ?" ಎಂದು ಕೇಳಿದ್ದು ನೆನಪಿದೆ. "ಕಂಪನ್ಯಾಗ ಇರೋರೇ ಹತ್ತು ಮಂದಿ, ಪಾತ್ರ ಮೂವತ್ತು. ಮತ್ಯಾರ್ ಬರಬೇಕು?" ಅಂದಿದ್ದ ಮುತ್ಯಾ. ಡಬ್ಬಿಂಗ್ ಸ್ಟುಡಿಯೋದ ಲೆಕ್ಕವೂ ಅದೇ. ಒಂದು ಭಾಷೆಯಲ್ಲಿ ಪಳಗಿದ ಕಂಠದಾನ ಕಲಾವಿದರು ಬೆರಳೆಣಿಕೆ, ಸರಣಿಗಳು ನೂರಾರು. ಬೆಳಗ್ಗೆ ಒಂದು ಸರಣಿಯ ನಾಯಕನಾದವರು ಮಧ್ಯಾಹ್ನ ಇನ್ನೊಂದರ ಅಜ್ಜಿಯಾಗುತ್ತಾರೆ, ಸಂಜೆ ಸಂತೆಯ ಗದ್ದಲದಲ್ಲಿ ತರಕಾರಿ ಮಾರುತ್ತಾರೆ. ಆ ಗದ್ದಲಕ್ಕೆ ನಾವು 'ಕ್ರೌಡ್' ಅನ್ನುತ್ತೇವೆ. ಮೂರು ಜನ ಮೈಕಿನಿಂದ ಹತ್ತಿರ-ದೂರ ಓಡಾಡಿ ಮೂವತ್ತು ಜನರ ಜಾತ್ರೆ ಮಾಡುತ್ತಾರೆ.

ಗಂಡುಹುಡುಗನಿಗೆ ಹೆಣ್ಣುದನಿ ಯಾಕೆ ಎಂದು ಅವನು ಮುಂದೆ ಕೇಳಿಯೇ ಕೇಳುತ್ತಾನೆ. ಹನ್ನೆರಡು ಹದಿಮೂರಕ್ಕೆ ಗಂಡುಮಕ್ಕಳ ದನಿ ಒಡೆಯುತ್ತದೆ. ಸರಣಿ ಹತ್ತು ವರ್ಷ ಓಡಿದರೂ ನಾಯಕ ಒಂಬತ್ತು ವರ್ಷದವನಾಗಿಯೇ ಇರಬೇಕು. ನಿಜವಾದ ಹುಡುಗನನ್ನು ಹಾಕಿದರೆ ಮೂರು ವರ್ಷಕ್ಕೆ ಹೊಸಬನನ್ನು ಹುಡುಕಬೇಕು. ಪಳಗಿದ ಕಲಾವಿದೆಯಾದರೆ ದಶಕಗಳ ಕಾಲ ಅದೇ ಹುಡುಗನ ದನಿ. ಜಪಾನಿನಲ್ಲಿ ನೊಬುಯೊ ಓಯಾಮಾ ಅವರು 1979ರಿಂದ 2005ರವರೆಗೆ ಡೋರೆಮಾನ್ ಆಗಿದ್ದರು, ಆಮೇಲೆ ವಸಾಬಿ ಮಿಜುತಾ ಬಂದರು. ಅಮೆರಿಕದಲ್ಲಿ ಬೆನ್ 10ರ ಮೊದಲ ಸರಣಿಯ ಬೆನ್, ಫೇರ್ಲಿ ಆಡ್‌ಪೇರೆಂಟ್ಸ್‌ನ ಟಿಮ್ಮಿ, ಪವರ್‌ಪಫ್ ಗರ್ಲ್ಸ್‌ನ ಬಬಲ್ಸ್, ಟೀನ್ ಟೈಟನ್ಸ್‌ನ ರೇವನ್ ನಾಲ್ವರೂ ತಾರಾ ಸ್ಟ್ರಾಂಗ್ ಒಬ್ಬರೇ. ಇಬ್ಬರು ಗಂಡುಹುಡುಗರು, ಒಬ್ಬಳು ಮುದ್ದುಹುಡುಗಿ, ಒಬ್ಬಳು ಮೌನಗೌರಿ.

ಮೂಲೆಯ ಆ ವೃತ್ತವಂತೂ ನನ್ನನ್ನು ಬೆರಗಾಗಿಸಿತು. ಮೋಟು, ಪತ್ಲು ಇಬ್ಬರೂ ಪರಸ್ಪರ ಬೈದಾಡುವಾಗ ನಿಜಕ್ಕೂ ಅಲ್ಲಿರುವುದು ಒಂದೇ ಗಂಟಲು, ಸೌರವ್ ಚಕ್ರವರ್ತಿ ಅವರದು. ಘಸೀಟಾರಾಮನೂ ಅವರೇ, ಇನ್ಸ್‌ಪೆಕ್ಟರ್ ಚಿಂಗಮ್ಮೂ ಅವರೇ. ಓಗಿ ಫ್ರಾನ್ಸಿನ ಕಾರ್ಟೂನು, 1998ರದು, ಮೂಲದಲ್ಲಿ ಮಾತೇ ಇಲ್ಲ. ಬರೀ ಬಡಿದಾಟ, ಸಂಗೀತ, ಕಿರುಚಾಟ. ಹಿಂದಿಗೆ ತರುವಾಗ ಬಾಯಿಲ್ಲದ ಬೆಕ್ಕಿಗೆ ಮಾತು ಕೊಟ್ಟರು. ಓಗಿಗೆ ಶಾರೂಖ್ ಖಾನ್ ಧಾಟಿ, ಅವನ ಜೊತೆಗಾರ ಜಾಕ್‌ಗೆ ಸನ್ನಿ ದೇವಲ್ ಧಾಟಿ. ಆ ಅನುಕರಣೆಯ ದನಿಗಳೂ ಸೌರವ್ ಅವರವೇ. ಶಾರೂಖ್ ಧಾಟಿಯ ಒಳಗಿಂದ ಮೋಟುವಿನ ಗಂಟಲನ್ನು ನಿಮ್ಮ ಮಗ ಗುರುತಿಸಿದ್ದಾನೆಂದರೆ, ಧಾಟಿ ದಾಟಿ ಉಸಿರನ್ನು ಕೇಳಿಸಿಕೊಂಡಿದ್ದಾನೆ ಎಂದರ್ಥ. ಕಲಾವಿದರು ಸ್ಥಾಯಿ ಬದಲಿಸುತ್ತಾರೆ, ಲಯ ಬದಲಿಸುತ್ತಾರೆ. ನಗು ಮತ್ತು ಏದುಸಿರು ಮಾತ್ರ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹುಡುಗನಿಗೆ ಹೇಳಿ, ಪಾತ್ರ ಮಾತಾಡುವಾಗಲ್ಲ, ನಗುವಾಗ ಕೇಳು ಅಂತ.

ಹಳೆಯದೊಂದು ಉದಾಹರಣೆಯನ್ನೂ ಕೊಡಿ. 1972ರಲ್ಲಿ ಸ್ಕೂಬಿ ಡೂ ಸರಣಿಯ ಕಂತೊಂದಕ್ಕೆ ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಅತಿಥಿಗಳಾಗಿ ಬಂದರು. ಸ್ಕೂಬಿಯ ಗೆಳೆಯ ಶ್ಯಾಗಿಗೂ, ಅತಿಥಿ ರಾಬಿನ್‌ಗೂ ಕೇಸಿ ಕೇಸಮ್ ಅವರದೇ ದನಿ. ಆತಿಥ್ಯ ಕೊಟ್ಟವನೂ ಪಡೆದವನೂ ಒಬ್ಬರೇ ಆದಂತೆ. ಇಲ್ಲಿ ದನಿಯ ಗೆರೆಯೂ ಕಥೆಯ ಗೆರೆಯೂ ಒಂದರ ಮೇಲೊಂದು ಬೀಳುತ್ತವೆ, ಆದರೂ ಅವು ಎರಡು ಬೇರೆ ಗೆರೆಗಳೇ.

ಇನ್ನು ಕಥೆಯ ನಂಟು. ರಾಜುವಿನ ಪಕ್ಕದ ಪ್ರಶ್ನೆ ಚಿಹ್ನೆ ಬಹಳ ಒಳ್ಳೆಯ ಪ್ರಶ್ನೆ ಚಿಹ್ನೆ. ಛೋಟಾ ಭೀಮ್ ಮಾಡಿದ ಗ್ರೀನ್ ಗೋಲ್ಡ್ ಸಂಸ್ಥೆ ನಮ್ಮ ಪಕ್ಕದ ಹೈದರಾಬಾದಿನದು. ರಾಜೀವ್ ಚಿಲಕ ಅವರು 2001ರಲ್ಲಿ ಕಟ್ಟಿದ್ದು. ಭೀಮ 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಬಂದ. ಅವನ ಗುಂಪಿನ ಪುಟ್ಟ ರಾಜು ಮಕ್ಕಳಿಗೆ ಎಷ್ಟು ಹಿಡಿಸಿದನೆಂದರೆ ಅವನಿಗೇ 'ಮೈಟಿ ರಾಜು' ಎಂಬ ಸ್ವಂತ ಸರಣಿ ಮಾಡಿದರು. ಆದರೆ ಈ ರಾಜು ಇರುವುದು ಆರ್ಯನಗರದಲ್ಲಿ, ಇಂದಿನ ಕಾಲದಲ್ಲಿ, ಅಪ್ಪ ವಿಜ್ಞಾನಿ, ಹುಡುಗನಿಗೆ ಅತಿಮಾನುಷ ಶಕ್ತಿ. ಢೋಲಕಪುರದ ರಾಜು ಹಳೆಯ ರಾಜರ ಕಾಲದವನು. ಮುಖ ಒಂದೇ, ಹೆಸರು ಒಂದೇ, ಬಾಳು ಬೇರೆ.

ಇದನ್ನು ನೀವೇ ನಿಮ್ಮ ಬಾಲ್ಯದಿಂದ ಅರ್ಥ ಮಾಡಿಕೊಳ್ಳಬಹುದು. ತೊಂಬತ್ತರ ದಶಕದ ಭಾನುವಾರ ದೂರದರ್ಶನದಲ್ಲಿ ಬರುತ್ತಿದ್ದ ಟೇಲ್‌ಸ್ಪಿನ್ ನೆನಪಿದೆಯೇ? ವಿಮಾನ ಹಾರಿಸುವ ಕರಡಿ ಬಲ್ಲೂ? 1967ರ ಡಿಸ್ನಿ ಜಂಗಲ್ ಬುಕ್ ಚಿತ್ರದಲ್ಲಿ ಮೋಗ್ಲಿಗೆ ಕಾಡು ಕಲಿಸಿದ ಬಲ್ಲೂವೇ ಅವನು. ಶೇರ್ ಖಾನ್ ಅಲ್ಲಿ ಹುಲಿ, ಇಲ್ಲಿ ಕೋಟು ತೊಟ್ಟ ದೊಡ್ಡ ವ್ಯಾಪಾರಿ. 1990ರಲ್ಲಿ ಹೊಸ ಸರಣಿ ಮಾಡುವಾಗ ಆ ಪ್ರಾಣಿಗಳನ್ನು ಎತ್ತಿ ಬೇರೊಂದು ಲೋಕದಲ್ಲಿಟ್ಟರು. ಈ ಬಲ್ಲೂವಿಗೆ ಆ ಕಾಡಿನ ನೆನಪಿಲ್ಲ. ರಾಜುವಿನದೂ ಅದೇ ಕತೆ.

ಇದಕ್ಕೆ ಎದುರಾದದ್ದು ಲಾಂಚ್‌ಪ್ಯಾಡ್. ಡಕ್‌ಟೇಲ್ಸ್‌ನಲ್ಲಿ ಸ್ಕ್ರೂಜ್ ಮಾಮನ ವಿಮಾನವನ್ನು ಸದಾ ನೆಲಕ್ಕೆ ಬಡಿಯುತ್ತಿದ್ದ ಪೈಲಟ್. 1991ರಲ್ಲಿ ಡಾರ್ಕ್‌ವಿಂಗ್ ಡಕ್ ಶುರುವಾದಾಗ ಅದೇ ಲಾಂಚ್‌ಪ್ಯಾಡ್ ಊರು ಬದಲಿಸಿ ಹೊಸ ನಾಯಕನ ಜೊತೆಗಾರನಾದ. ಟೆರ್ರಿ ಮೆಕ್‌ಗವರ್ನ್ ಅವರ ದನಿಯೂ ಜೊತೆಗೇ ಬಂತು. ಅದು ಪಾತ್ರವೇ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಮನೆಗೆ ಹೋದದ್ದು. 2017ರಲ್ಲಿ ಡಕ್‌ಟೇಲ್ಸ್ ಹೊಸದಾಗಿ ಬಂದಾಗ ಮಾಡಿದವರು ಬಾಲ್ಯದಲ್ಲಿ ಕಂಡದ್ದನ್ನೆಲ್ಲ ಪ್ರೀತಿಯಿಂದ ಒಳಗೆ ಕರೆದುಕೊಂಡರು: ಡಾರ್ಕ್‌ವಿಂಗ್ ಬಂದ, ಟೇಲ್‌ಸ್ಪಿನ್‌ನ ಕಡಲ್ಗಳ್ಳ ಡಾನ್ ಕಾರ್ನೇಜ್ ಬಂದ. ಹಳೆಯ ಡಾರ್ಕ್‌ವಿಂಗ್‌ಗೆ ದನಿಯಾಗಿದ್ದ ಜಿಮ್ ಕಮ್ಮಿಂಗ್ಸ್ ಅವರಿಗೂ ಅದರಲ್ಲಿ ಪಾತ್ರ ಸಿಕ್ಕಿತು. ಈಗ ಅವರ ಕೈಗೆ ಬಂದದ್ದು ಡಾರ್ಕ್‌ವಿಂಗ್ ಅಲ್ಲ, ಕಥೆಯೊಳಗಿನ ಟಿವಿಯಲ್ಲಿ ಹಿಂದೆ ಡಾರ್ಕ್‌ವಿಂಗ್ ವೇಷ ಹಾಕುತ್ತಿದ್ದ ಮುದಿ ನಟನ ಪಾತ್ರ. ತಿಳಿದವರಿಗೆ ಗಂಟಲು ಕಟ್ಟುತ್ತದೆ.

ಕೃಷ್ಣ ಬರುತ್ತಾನೆ, ಡೋರೆಮಾನ್ ಯಾಕಿಲ್ಲ? ಕೃಷ್ಣ ಯಾರ ಆಸ್ತಿಯೂ ಅಲ್ಲ. ಅವನ ಕಥೆಯನ್ನು ಯಾರು ಬೇಕಾದರೂ ಹೇಳಬಹುದು, ಯಾರು ಬೇಕಾದರೂ ಅವನ ಚಿತ್ರ ಬರೆಯಬಹುದು. ಗ್ರೀನ್ ಗೋಲ್ಡ್‌ನವರು ಕೃಷ್ಣನ ಮೇಲೆ ಪ್ರತ್ಯೇಕ ಚಿತ್ರಗಳನ್ನೇ ಮಾಡಿದ್ದರು, ಆ ತಮ್ಮ ಕೃಷ್ಣನನ್ನು ತಮ್ಮ ಭೀಮನ ಬಳಿಗೆ ಕಳಿಸಿದರು. 'ಪಾಟಲಿಪುತ್ರ', 'ಮಾಯಾನಗರಿ' ಅಂಥವೇ. ಢೋಲಕಪುರದ ಭೀಮ ಮಹಾಭಾರತದ ಭೀಮನಲ್ಲ ನಿಜ, ಆದರೂ ಮನೆಯ ಹಿರಿಯರಿಗೆ ಇದು ವಿಚಿತ್ರ ಅನಿಸಬೇಕಿಲ್ಲ. ಕೃಷ್ಣ ಭೀಮನಿಗೆ ಸೋದರಮಾವನ ಮಗ ಅಲ್ಲವೇ? ಹೆಸರಿನ ಮಟ್ಟಿಗಾದರೂ ನೆಂಟಸ್ತನ ಹಳೆಯದು. ಡೋರೆಮಾನ್ ಹಾಗಲ್ಲ. ಅವನಿಗೆ ವಾರಸುದಾರರಿದ್ದಾರೆ. ಅವನ ಒಂದು ಗಂಟೆಯ ನೆರಳು ಢೋಲಕಪುರದ ಮೇಲೆ ಬೀಳಬೇಕಾದರೂ ಎರಡು ದೇಶದ ಒಡೆಯರು ಕೂತು ಯಾರ ಪಾತ್ರ ಗೆಲ್ಲಬೇಕು, ಯಾರ ಚಾನೆಲ್‌ನಲ್ಲಿ ಬರಬೇಕು, ಬಂದ ಹಣ ಹೇಗೆ ಹಂಚಿಕೆ ಎಂದು ಕರಾರು ಬರೆಯಬೇಕು.

ಹಾಗಾಗಿಯೇ ಇಂಥ ಭೇಟಿಗಳು ಹೆಚ್ಚಾಗಿ ಒಂದೇ ಒಡೆತನದ ಒಳಗೆ ನಡೆಯುತ್ತವೆ. ಜಿಮ್ಮಿ ನ್ಯೂಟ್ರಾನ್ ಮತ್ತು ಟಿಮ್ಮಿ ಇಬ್ಬರೂ ನಿಕೆಲೋಡಿಯನ್ ಚಾನೆಲ್‌ನವರು, 2004ರಲ್ಲಿ ಒಬ್ಬರ ಊರಿಗೊಬ್ಬರು ಹೋದರು. ಜಿಮ್ಮಿ ಕಂಪ್ಯೂಟರಿನ ಮೂರು ಆಯಾಮದ ಹುಡುಗ, ಟಿಮ್ಮಿ ಕಾಗದದ ಮೇಲಿನ ಚಪ್ಪಟೆ ಹುಡುಗ. ಊರು ಬದಲಾದಾಗ ಇಬ್ಬರ ಮೈಕಟ್ಟೂ ಆ ಊರಿನ ಶೈಲಿಗೆ ಬದಲಾಗುತ್ತದೆ. 2011ರಲ್ಲಿ ಬೆನ್ 10ರ ಬೆನ್ ಟೆನ್ನಿಸನ್ ಮತ್ತು ಜನರೇಟರ್ ರೆಕ್ಸ್ ಸೇರಿದರು. ಎರಡೂ ಕಾರ್ಟೂನ್ ನೆಟ್‌ವರ್ಕ್‌ನವು, ಎರಡನ್ನೂ ಹುಟ್ಟಿಸಿದ್ದು ಮ್ಯಾನ್ ಆಫ್ ಆ್ಯಕ್ಷನ್ ಎಂಬ ಒಂದೇ ಬರಹಗಾರರ ಕೂಟ. ಕಳ್ಳತನ ಎಂಬ ನಿಮ್ಮ ಅನುಮಾನಕ್ಕೆ ಇಷ್ಟು ಸಾಕು. ಅನುಮತಿ ಇದ್ದಾಗ ಅತಿಥಿ, ಇಲ್ಲದಾಗ ಕಳ್ಳ.

ಮೂರನೆಯ ನಂಟು ಕೈಯದು. ಇದು ತೆರೆಯ ಮೇಲೆ ಕಾಣುವುದಿಲ್ಲ, ಹೆಸರುಪಟ್ಟಿ ಓದುವವರಿಗೆ ಮಾತ್ರ ಸಿಗುತ್ತದೆ. 1993ರಲ್ಲಿ ಜೋ ಮರ್ರೆ ಅವರ 'ರಾಕೋಸ್ ಮಾಡರ್ನ್ ಲೈಫ್' ಎಂಬ ಸರಣಿ ಶುರುವಾಯಿತು. ನಮ್ಮಲ್ಲಿ ಅಷ್ಟು ಹೆಸರಾಗಲಿಲ್ಲ. ಅಲ್ಲಿ ದುಡಿದ ಸ್ಟೀಫನ್ ಹಿಲನ್‌ಬರ್ಗ್ ಮುಂದೆ 1999ರಲ್ಲಿ ಸ್ಪಾಂಜ್‌ಬಾಬ್ ಮಾಡಿದರು. ರಾಕೋನ ಗೆಳೆಯ ಹೆಫರ್‌ಗೆ ದನಿಯಾಗಿದ್ದ ಟಾಮ್ ಕೆನ್ನಿ ಸ್ಪಾಂಜ್‌ಬಾಬ್ ಆದರು, ಫಿಲ್ಬರ್ಟ್ ಆಮೆಯಾಗಿದ್ದ ಮಿಸ್ಟರ್ ಲಾರೆನ್ಸ್ ಪ್ಲ್ಯಾಂಕ್ಟನ್ ಆದರು. ಅದೇ ತಂಡದಲ್ಲಿದ್ದ ಡ್ಯಾನ್ ಪೊವೆನ್‌ಮೈರ್ ಮತ್ತು ಜೆಫ್ 'ಸ್ವಾಂಪಿ' ಮಾರ್ಷ್ 2007ರಲ್ಲಿ ಫಿನಿಯಸ್ ಅಂಡ್ ಫರ್ಬ್ ತಂದರು. ಅದರಲ್ಲಿ ಡೂಫೆನ್ಶ್‌ಮರ್ಟ್ಜ್‌ನ ದನಿ ಪೊವೆನ್‌ಮೈರ್ ಅವರದೇ, ಮೇಜರ್ ಮೊನೊಗ್ರಾಮ್‌ನದು ಮಾರ್ಷ್ ಅವರದು. ಆಮೇಲೆ ಇವರೇ 'ಮೈಲೊ ಮರ್ಫೀಸ್ ಲಾ' ಮಾಡಿ, 2019ರಲ್ಲಿ ಎರಡೂ ಸರಣಿಗಳನ್ನು ಒಂದೇ ಊರಿನ ಕಥೆಯಾಗಿ ಹೆಣೆದರು. ಯಾರೂ ಹೆಚ್ಚು ನೋಡದ ಒಂದು ಸರಣಿಯ ಬೇರಿನಿಂದ ಇಷ್ಟು ಕೊಂಬೆ. ಬೀದರಿನ ಓಣಿಯಲ್ಲಿ ಬಿದರಿ ಕೆಲಸದವರನ್ನು ನೋಡಿದ್ದೀರಲ್ಲ, ಒಬ್ಬ ಉಸ್ತಾದರ ಕೈಕೆಳಗೆ ಕಲಿತ ನಾಲ್ವರು ನಾಲ್ಕು ಅಂಗಡಿ ಹಾಕಿದರೂ ಬಳ್ಳಿ ಕೊರೆಯುವ ರೀತಿಯಲ್ಲಿ ಗುರುತು ಸಿಗುತ್ತದೆ. ಕಾರ್ಟೂನಿನಲ್ಲೂ ಕಣ್ಣು ಬಿಡಿಸುವ ರೀತಿ, ಓಡುವ ಮೊದಲು ಗಾಳಿಯಲ್ಲಿ ಕಾಲಾಡಿಸುವ ರೀತಿ, ನಗೆಯ ಮುಂಚಿನ ಒಂದು ಕ್ಷಣದ ಮೌನ, ಇವೆಲ್ಲ ಕೈಯಿಂದ ಕೈಗೆ ಹೋಗುತ್ತವೆ.

ಈಗ ನನ್ನ ಎದೆಯೊಳಗಿನ ಮಾತಿಗೆ ಬರುತ್ತೇನೆ. ನಿಮ್ಮ ಮಗನ ಪುಟದಲ್ಲಿ ಕನ್ನಡದ ಒಂದು ಹೆಸರೂ ಇಲ್ಲ. ತಪ್ಪು ಅವನದಲ್ಲ.

ನಮ್ಮ ಭಾಗದ ಒಂದು ಸಂಗತಿ ಕೇಳಿ. ಬೆಂಗಳೂರಿಗಿಂತ ಮೊದಲು ಟಿವಿ ಕಂಡದ್ದು ನಮ್ಮ ಹಳ್ಳಿಗಳು. 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಯ ಹಳ್ಳಿಗಳಿದ್ದವು. ಆಗ ನಿಮ್ಮ ಯಾದಗಿರಿ ಗುಲಬರ್ಗಾದೊಳಗೇ ಇತ್ತು. ಬೆಳಗ್ಗೆ ಶಾಲೆಮಕ್ಕಳ ಕಾರ್ಯಕ್ರಮ. ಉಪಗ್ರಹದಿಂದ ಇಳಿಯುತ್ತಿದ್ದುದು ಒಂದೇ ಚಿತ್ರ, ಅದಕ್ಕೆ ಎರಡು ದನಿಮಾರ್ಗ. ಆಂಧ್ರದ ಹಳ್ಳಿಯಲ್ಲಿ ಅದು ತೆಲುಗು, ನಮ್ಮ ಹಳ್ಳಿಯಲ್ಲಿ ಕನ್ನಡ. ಪಂಚಾಯಿತಿ ಕಟ್ಟೆಯ ಮೇಲಿನ ಆ ಪೆಟ್ಟಿಗೆಯ ಮುಂದೆ ಕೂತ ಮಕ್ಕಳು ಅಂದೇ ಒಂದೇ ತುಟಿಯಲ್ಲಿ ಎರಡು ಭಾಷೆ ಎಂಬ ಏರ್ಪಾಟಿನ ಭಾಗವಾಗಿದ್ದರು.

ಇಂದಿನ ಕಾರ್ಟೂನ್ ಚಾನೆಲ್‌ಗಳೂ ಹಾಗೇ ಓಡುತ್ತವೆ. ಚಿತ್ರ ಒಂದು, ರಿಮೋಟ್ ಒತ್ತಿದರೆ ದನಿ ಹಲವು. ಕೊನೆಯ ಹೆಸರುಪಟ್ಟಿ ಚಿತ್ರದ ಭಾಗ, ದನಿಯ ಭಾಗವಲ್ಲ. ಹಾಗಾಗಿ ಎಲ್ಲ ಭಾಷೆಗೂ ಒಂದೇ ಪಟ್ಟಿ, ಕನ್ನಡ ಮಾತಾಡಿದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಇದ್ದಷ್ಟು ಪಟ್ಟಿಯನ್ನೂ ಮುಂದಿನ ಕಾರ್ಯಕ್ರಮದ ಜಾಹೀರಾತಿಗಾಗಿ ಮೂಲೆಗೆ ಒತ್ತುತ್ತಾರೆ, ಇಲ್ಲವೇ ಕತ್ತರಿಸುತ್ತಾರೆ. 2009ರಲ್ಲಿ ಚಿಂಟು ಟಿವಿ ಬಂದಾಗ ಮಕ್ಕಳಿಗೆಂದೇ ಒಂದು ಕನ್ನಡ ಚಾನೆಲ್ ಆಯಿತು, ನಮ್ಮಂಥವರಿಗೆ ಕೆಲಸ ಹೆಚ್ಚಿತು. ನಾನು ಮಾತು ಬರೆದ ನೂರಾರು ಕಂತುಗಳು ಬೇರೆಬೇರೆ ಕಡೆ ಪ್ರಸಾರವಾಗಿವೆ. ಒಂದರಲ್ಲೂ ನನ್ನ ಹೆಸರು ಕಂಡಿಲ್ಲ. ನನ್ನದು ಹೋಗಲಿ, ಒಂದು ಸರಣಿಯ ನಾಯಕನಿಗೆ ಆರು ವರ್ಷ ದನಿಯಾದ ಹೆಣ್ಣುಮಗಳೊಬ್ಬರು ತಮ್ಮ ಮಗಳಿಗೇ ಅದನ್ನು ರುಜುವಾತು ಮಾಡಿ ತೋರಿಸಲು ಆಗದೆ ಅತ್ತದ್ದನ್ನು ಕಂಡಿದ್ದೇನೆ. ಅವಳ ಎದುರು ಆ ದನಿಯಲ್ಲಿ ಮಾತಾಡಿ ತೋರಿಸಿದಾಗಷ್ಟೇ ಮಗು ನಂಬಿತು.

ಆ ಕೆಲಸ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಒಂದೇ ಒಂದು ಸಾಲು ತೋರಿಸುತ್ತೇನೆ. ಹಿಂದಿಯಲ್ಲಿ ಒಬ್ಬ ಕಿರುಚುತ್ತಾನೆ, "ಭೀಮ್, ಭಾಗೋ!" ಕನ್ನಡದಲ್ಲಿ "ಭೀಮಾ, ಓಡು!" ಅರ್ಥ ಸರಿ, ಆದರೆ ತೆರೆಯ ಮೇಲೆ ಎರಡನೇ ಮಾತಿಗೆ ತುಟಿ ಮುಚ್ಚಿ ತೆರೆಯುತ್ತದೆ, ಯಾಕೆಂದರೆ ಅಲ್ಲಿದ್ದದ್ದು 'ಭ'. 'ಓ'ಗೆ ತುಟಿ ಮುಚ್ಚುವುದಿಲ್ಲ. ನೋಡುವವರಿಗೆ ಯಾಕೆಂದು ತಿಳಿಯದೆಯೇ ಏನೋ ಕೊಸರು ಅನಿಸುತ್ತದೆ. ಪ, ಬ, ಮ ವರ್ಗದ ಅಕ್ಷರ ಅಲ್ಲಿಗೆ ಬೇಕು. "ಭೀಮಾ, ಬೇಗ ಓಡು!" ಎಂದರೆ ತುಟಿ ಕೂತಿತು, ಆದರೆ ಎರಡಕ್ಷರದ ಜಾಗದಲ್ಲಿ ನಾಲ್ಕಕ್ಷರ. ಕಲಾವಿದೆ ಎರಡು ಸಲ ಓದಿ ನೋಡಿ, "ಸರ್, ಬೇಗೋಡು ಅಂತೀನಿ" ಅಂದರು. ನಮ್ಮ ಬಾಯಲ್ಲಿ ಸಹಜವಾಗಿ ಆಗುವ ಸಂಧಿಯೇ ಅದು. ಮೂರಕ್ಷರ, ಒಂದು ಉಸಿರು. ಟೇಕ್ ಓಕೆ ಆಯಿತು.

ಇದರ ಜೊತೆಗೇ ಒಂದು ಕೊರತೆಯನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಾರ್ಟೂನ್ ಕನ್ನಡ ಹೆಚ್ಚಾಗಿ ಬೆಂಗಳೂರಿನ ಕನ್ನಡ. "ಹೋಗೋಣ್ವಾ?" ಎಂದು ಭೀಮ ಕೇಳಿದರೆ ಶಹಾಪುರದ ಹುಡುಗನಿಗೆ ಅದು ಪಾಠದ ಭಾಷೆ. ಅವನ ಗೆಳೆಯರು ಕೇಳುವುದು "ಹೋಗೂಣೇನೋ?" ದಖನಿ ಉರ್ದು ಕೇಳಿ ಬೆಳೆದ ನಮ್ಮ ಮಕ್ಕಳ ಕಿವಿಗೆ ಹಿಂದಿಯೇ ಹತ್ತಿರ ಅನಿಸಿಬಿಡುತ್ತದೆ. ನಾನು ಒಂದು ಸರಣಿಯಲ್ಲಿ ಒಬ್ಬ ಮುದುಕನ ಪಾತ್ರಕ್ಕೆ ಕಲಬುರಗಿ ಮಾತು ಬರೆದೆ. ಹಾಸ್ಯದ ಪಾತ್ರಕ್ಕೆ ಮಾತ್ರ ಅದು ಬೇಡ, ನಾಯಕನಿಗೂ ಇರಲಿ ಎಂದು ಕೇಳಿದೆ. ಒಪ್ಪಲಿಲ್ಲ. ಇನ್ನೂ ಕೇಳುತ್ತಲೇ ಇದ್ದೇನೆ.

ಹುಡುಗನಿಗೆ ಒಂದು ಕೆಲಸ ಹೇಳಿ. ಅದೇ ಕಂತನ್ನು ಒಂದು ದಿನ ಹಿಂದಿಯಲ್ಲಿ, ಮರುದಿನ ಕನ್ನಡದಲ್ಲಿ ನೋಡಲಿ. ಕನ್ನಡದ ದನಿಗಳಿಗೆ ಹೆಸರು ಸಿಗದಿದ್ದರೆ ತಾನೇ ಗುರುತಿನ ಹೆಸರು ಕೊಡಲಿ, 'ಮೂಗಿನ ದನಿ ಅಕ್ಕ', 'ಕೆಮ್ಮುವ ಕಾಕಾ' ಅಂತ, ಅವರು ಮತ್ತೆಲ್ಲಿ ಬರುತ್ತಾರೆ ಎಂದು ಗೆರೆ ಎಳೆಯಲಿ. ಆ ಪುಟಗಳನ್ನು ನನಗೆ ಕಳಿಸಿ. ನಾನು ಬಲ್ಲ ಕಲಾವಿದರಿಗೆ ತೋರಿಸುತ್ತೇನೆ, ಅವರು ಒಪ್ಪಿದರೆ ನಿಜವಾದ ಹೆಸರು ಬರೆದು ಕಳಿಸುತ್ತೇನೆ.

ಫೋಟೊದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಂದು ಸಾಲಿದೆ: 'ಪರ್ಮನ್ — ಡೋರೆಮಾನ್ — ಹತ್ತೋಡಿ, ಡ್ರಾಯಿಂಗ್ ಸೇಮ್'. ಅದೂ ಸರಿ. ಹಿರೋಶಿ ಫುಜಿಮೊಟೊ, ಮೊಟೊ ಅಬಿಕೊ ಎಂಬ ಇಬ್ಬರು ಶಾಲಾ ಗೆಳೆಯರು 'ಫುಜಿಕೊ ಫುಜಿಯೊ' ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು. ಡೋರೆಮಾನ್, ಪರ್ಮನ್ ಫುಜಿಮೊಟೊ ಅವರ ಕಡೆಯವು, ಹತ್ತೋಡಿ ಅಬಿಕೊ ಅವರದು. ಮೂರನ್ನೂ ಟಿವಿಗೆ ಮಾಡಿದ್ದು ಶಿನ್-ಎಯ್ ಎಂಬ ಒಂದೇ ಸ್ಟುಡಿಯೋ, ಶಿನ್‌ಚಾನ್ ಕೂಡ ಅವರದೇ. ಜಪಾನಿ ಭಾಷೆಯಲ್ಲಿ ಡೋರೆಮಾನ್‌ನ ಸುನಿಯೊಗೂ ಹತ್ತೋಡಿಯ ಅಮಾರಾಗೂ ಒಂದೇ ದನಿ, ಕಾನೆತಾ ಕಿಮೊತ್ಸುಕಿ ಅವರದು. ಅಲ್ಲಿಗೆ ದನಿ, ಕೈ ಎರಡೂ ಆಯಿತು. ಕಥೆಯ ಗೆರೆಯೂ ಇದೆ, ಅದನ್ನು ನೀವೇ ರಾತ್ರಿ ಊಟ ಆದಮೇಲೆ ಅವನಿಗೆ ಹೇಳಿ. ಪರ್ಮನ್ ತಂಡದ ಹುಡುಗಿ ಮುಖವಾಡ ತೆಗೆದರೆ ಸುಮಿರೆ ಎಂಬ ಬಾಲನಟಿ. ಪರ್ಮನ್ ಕಥೆಯ ಕೊನೆಗೆ, ಪರ್ಮನ್ ಆಗುವ ಹುಡುಗ ಮಿತ್ಸುವೊ ದೂರದ ಗ್ರಹಕ್ಕೆ ಕಲಿಯಲು ಹೊರಡುತ್ತಾನೆ. ಡೋರೆಮಾನ್‌ನ ಕಥೆಯೊಂದರಲ್ಲಿ ಅದೇ ಸುಮಿರೆ ಬೆಳೆದು ದೊಡ್ಡ ತಾರೆಯಾಗಿ ಕಾಣಿಸಿಕೊಳ್ಳುತ್ತಾಳೆ. ಮದುವೆಯ ಮಾತು ಬಂದಾಗ, ತನ್ನ ಮನಸ್ಸಿನಲ್ಲಿರುವವನು ತುಂಬ ತುಂಬ ದೂರದಲ್ಲಿದ್ದಾನೆ ಎನ್ನುತ್ತಾಳೆ. ಯಾರು ಎಂದು ಹೆಸರು ಹೇಳುವುದಿಲ್ಲ. ಡೋರೆಮಾನ್‌ನ ಗೆಳೆಯ ನೊಬಿತಾನಿಗೆ ಅದು ತಿಳಿಯುವುದಿಲ್ಲ, ನಿಮ್ಮ ಮಗನಿಗೆ ತಿಳಿಯುತ್ತದೆ.